ಗುರುಗುಟ್ಟುವುದನ್ನು ಬಿಟ್ಟ ನಾಯಿ

ನಮ್ಮ ಮನೆಯ ಕೆಂಪಿಗೆ ಹೆಲ್ಮೆಟ್ ಕಂಡರೆ ಭಯ. ಬೀದಿಯಿಂದ ಬಂದ ನಾಯಿ ಅದು. ಮರಿಯಾಗಿದ್ದಾಗ ಏನಾಗಿತ್ತೋ ನಮಗೆ ತಿಳಿಯದು. ಹೆಲ್ಮೆಟ್ ಹಾಕಿಕೊಂಡವರು ಗೇಟಿನ ಬಳಿ ಬಂದರೆ ಸಾಕು, ಕಿವಿಯನ್ನು ಹಿಂದಕ್ಕೆ ಒತ್ತಿ, ಬಾಲವನ್ನು ಕಾಲಸಂದಿಗೆ ಸೇರಿಸಿ ಗುರುಗುಟ್ಟುತ್ತಿತ್ತು. ಅಪ್ಪನಿಗೆ ಅದು ಪೊಗರಿನಂತೆ ಕಂಡಿತು. ಪೇಪರನ್ನು ಸುರುಳಿ ಸುತ್ತಿ ಮೂತಿಗೆ ಒಂದೇಟು ಹಾಕುತ್ತಿದ್ದರು. ಅವರಿಲ್ಲದಾಗ ಆ ಕೆಲಸವನ್ನು ನಾನು ಮಾಡುತ್ತಿದ್ದೆ. ಒಂದೆರಡು ತಿಂಗಳಲ್ಲಿ ಕೆಂಪಿ ಗುರುಗುಟ್ಟುವುದನ್ನು ಬಿಟ್ಟಿತು. ‘ನೋಡು, ಬುದ್ಧಿ ಬಂತು’ ಎಂದರು ಅಪ್ಪ. ನನಗೂ ಹಾಗೇ ಅನ್ನಿಸಿತ್ತು.

ಆಮೇಲೊಂದು ಬೆಳಿಗ್ಗೆ ಪಾರ್ಸೆಲ್ ತಂದ ಹುಡುಗ ಹೆಲ್ಮೆಟ್ ತೆಗೆಯದೆ ಜಗಲಿಯವರೆಗೂ ಬಂದ. ಕೆಂಪಿ ಸದ್ದಿಲ್ಲದೆ ಎದ್ದು ಅವನ ಮುಂಗೈ ಕಚ್ಚಿತು. ‘ಗುರ್ ಅಂತಲೂ ಅನ್ನಲಿಲ್ಲ ಅಕ್ಕಾ. ಅಂದಿದ್ದರೆ ಅಲ್ಲೇ ನಿಂತುಬಿಡ್ತಿದ್ದೆ’ ಎಂದ ಆತ. ಚುಚ್ಚುಮದ್ದಿನ ಖರ್ಚು ಕೊಟ್ಟೆವು, ಕೆಲಸ ತಪ್ಪಿದ ದಿನಗಳ ಸಂಪಾದನೆಯನ್ನೂ ಕೊಟ್ಟೆವು. ಅವನ ಆ ಮಾತಿಗೆ ಮಾತ್ರ ನಮ್ಮಲ್ಲಿ ಉತ್ತರವಿರಲಿಲ್ಲ.

‘ಬೊಗಳುವ ನಾಯಿ ಕಚ್ಚುವುದಿಲ್ಲ’ ಎಂಬ ಗಾದೆಯನ್ನು ಬಾಯಿಬಡುಕರನ್ನು ಹೀಯಾಳಿಸಲು ಬಳಸುತ್ತೇವೆ. ಆ ದಿನ ಅದರಲ್ಲಿ ನನಗೆ ಬೇರೆಯೇ ಅರ್ಥ ಕೇಳಿಸಿತು. ಬೊಗಳಲು ಬಿಟ್ಟ ನಾಯಿಗೆ ಕಚ್ಚುವ ಅಗತ್ಯ ಕಡಿಮೆ. ಗುರುಗುಟ್ಟುವುದೆಂದರೆ ‘ನನಗೆ ಹೆದರಿಕೆಯಾಗುತ್ತಿದೆ, ದೂರ ನಿಲ್ಲು’ ಎಂಬ ಮಾತು. ನಾವು ಹೊಡೆದು ಬಿಡಿಸಿದ್ದು ಆ ಮಾತನ್ನು; ಹೆದರಿಕೆ ಇದ್ದಲ್ಲೇ ಇತ್ತು. ಬಹುಶಃ ಹೆಚ್ಚೇ ಆಗಿತ್ತು. ಹೆಲ್ಮೆಟ್ ಬಂದಾಗಲೆಲ್ಲ ಏಟು ಬೀಳುತ್ತಿದ್ದುದರಿಂದ, ಹೆಲ್ಮೆಟ್ ಎಂದರೆ ಕೇಡು ಎಂಬ ಅದರ ಗುಮಾನಿಯನ್ನು ನಾವೇ ನಿಜಮಾಡಿದ್ದೆವು.

ಸುಮ್ಮನಿರುವ ಪ್ರಾಣಿಯನ್ನು ಒಳ್ಳೆಯ ಪ್ರಾಣಿ ಎಂದುಕೊಳ್ಳುವುದು ನಮಗೆ ಎಷ್ಟು ಸುಲಭ! 1967ರಲ್ಲಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ಅಮೆರಿಕದಲ್ಲಿ ನಾಯಿಗಳ ಮೇಲೆ ಒಂದು ಕ್ರೂರ ಪ್ರಯೋಗ ನಡೆಸಿದರು. ಕೆಲವು ನಾಯಿಗಳಿಗೆ ಏನು ಮಾಡಿದರೂ ತಪ್ಪಿಸಿಕೊಳ್ಳಲಾಗದಂತೆ ವಿದ್ಯುತ್ ಆಘಾತ ಕೊಟ್ಟರು. ಆಮೇಲೆ ಅವುಗಳನ್ನು, ನಡುವಿನ ತಡೆಯೊಂದನ್ನು ಹಾರಿದರೆ ಪಾರಾಗಬಹುದಾದ ಪೆಟ್ಟಿಗೆಯಲ್ಲಿ ಬಿಟ್ಟರು. ಅವುಗಳಲ್ಲಿ ಬಹಳಷ್ಟು ನಾಯಿಗಳು ಹಾರಲಿಲ್ಲ. ಆಘಾತವನ್ನು ಸಹಿಸುತ್ತ ಉಳಿದವು. ಏನು ಮಾಡಿದರೂ ಪ್ರಯೋಜನವಿಲ್ಲ ಎಂಬುದನ್ನು ಅವು ಕಲಿತುಬಿಟ್ಟಿದ್ದವು ಎಂದು ಅವರು ಆಗ ಅರ್ಥೈಸಿದರು. ಹೊರಗಿನಿಂದ ನೋಡುವವರಿಗೆ ಅದೂ ಶಾಂತಿಯಂತೆಯೇ ಕಾಣಬಹುದು.

ಹಾಗಾದರೆ ಹೆದರಿಕೆಯನ್ನೇ ಕಡಿಮೆ ಮಾಡುವುದು ಹೇಗೆ? ಉತ್ತರ ಹಳೆಯದು, ಮೊದಲು ಸಿಕ್ಕಿದ್ದು ಒಂದು ಮಗುವಿನಲ್ಲಿ. 1920ರಲ್ಲಿ ಜಾನ್ ವಾಟ್ಸನ್ ಮತ್ತು ರೊಸಾಲಿ ರೇನರ್, ಆಲ್ಬರ್ಟ್ ಎಂದು ಕರೆದ ಕೂಸಿನ ಎದುರು ಬಿಳಿ ಇಲಿ ತಂದಿಟ್ಟು, ಅದರ ಬೆನ್ನ ಹಿಂದೆ ಉಕ್ಕಿನ ಸರಳನ್ನು ಸುತ್ತಿಗೆಯಿಂದ ಬಡಿದು, ಇಲಿಯ ಭಯವನ್ನು ಹುಟ್ಟಿಸಿದರು. ನಾಲ್ಕು ವರ್ಷಗಳ ನಂತರ ಮೇರಿ ಕವರ್ ಜೋನ್ಸ್ ಅದರ ತದ್ವಿರುದ್ಧ ಕೆಲಸ ಮಾಡಿದರು. ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಪುಟ್ಟ ಹುಡುಗ ತನಗಿಷ್ಟವಾದುದನ್ನು ತಿನ್ನುವಾಗ, ಮೊಲದ ಪಂಜರವನ್ನು ಅವನಿಗೆ ತೊಂದರೆಯಾಗದಷ್ಟು ದೂರದಲ್ಲಿಟ್ಟು ನಿಧಾನಕ್ಕೆ ಹತ್ತಿರ ತಂದರು. ಕೊನೆಗೆ ಪೀಟರ್ ಮೊಲವನ್ನು ಮುಟ್ಟಿ ಆಡಿದ.

ನಾನೂ ಅದನ್ನೇ ಹಿಡಿದೆ. ಅಂಗಳದ ಆ ತುದಿಯಲ್ಲಿ ಹೆಲ್ಮೆಟ್, ಈ ತುದಿಯಲ್ಲಿ ಕೆಂಪಿ. ಹೆಲ್ಮೆಟ್ ಕಂಡ ಕೂಡಲೇ ಬೇಯಿಸಿದ ಕೋಳಿಯ ಚೂರು. ಹೆಲ್ಮೆಟ್ ಮರೆಯಾದರೆ ಕೋಳಿಯೂ ಬಂದ್. ಈ ಕ್ರಮ ತಪ್ಪಬಾರದು, ಯಾಕೆಂದರೆ ಹೆಲ್ಮೆಟ್ಟೇ ಒಳ್ಳೆಯದರ ಮುನ್ಸೂಚನೆಯಾಗಬೇಕು. ಕೆಂಪಿ ಚೂರನ್ನು ಮೂಸಿ ಮುಖ ತಿರುಗಿಸಿದರೆ ನಾನು ತೀರಾ ಹತ್ತಿರ ತಂದಿದ್ದೇನೆ ಎಂದರ್ಥ, ಹಿಂದಕ್ಕೆ ಹೋಗಬೇಕು. ‘ಗುರುಗುಟ್ಟಿದ್ದಕ್ಕೆ ಕೋಳಿ ತಿನ್ನಿಸ್ತೀಯಾ? ಇದು ಲಂಚ ಅಲ್ವೇನೇ?’ ಎಂದು ಅಪ್ಪ ಕೇಳಿದರು.

ಪ್ರಶ್ನೆ ಸಣ್ಣದಲ್ಲ. ಹೆದರಿಕೆ ನಾಯಿ ಬೇಕೆಂದು ಮಾಡುವ ಕೆಲಸವಲ್ಲ. ಹೆದರಿದ ಮಗುವನ್ನು ಎತ್ತಿಕೊಂಡರೆ ಹೆದರಿದ್ದಕ್ಕೆ ಬಹುಮಾನ ಕೊಟ್ಟಂತೆ ಆಗುವುದಿಲ್ಲವಲ್ಲ. ಅಷ್ಟು ಹೇಳಿ ಅಪ್ಪನ ಬಾಯಿ ಮುಚ್ಚಿಸಿದೆ. ಆದರೆ ನನ್ನೊಳಗಿನ ಅನುಮಾನ ಮುಚ್ಚಲಿಲ್ಲ. ಕೋಲಿನಿಂದಾಗಲಿ ಕೋಳಿಯಿಂದಾಗಲಿ, ಕೆಂಪಿಯನ್ನು ನನಗೆ ಬೇಕಾದಂತೆ ಬದಲಿಸುತ್ತಿರುವುದು ನಾನೇ ಅಲ್ಲವೆ? ಗೇಟಿನ ಚಿಲಕ, ಕುತ್ತಿಗೆಯ ಬೆಲ್ಟು, ಊಟದ ತಟ್ಟೆ ಎಲ್ಲವೂ ನನ್ನ ಕೈಯಲ್ಲೇ ಇವೆ. ನಾಯಿಯನ್ನು ಉಪವಾಸ ಕೆಡವಿ ತುತ್ತು ತೋರಿಸಿ ಕಲಿಸಿದರೆ ಆ ತುತ್ತೂ ಕೋಲೇ.

ಆದರೂ ಎರಡೂ ಒಂದೇ ಎನ್ನಲಾರೆ. ಕೆಂಪಿ ‘ಒಲ್ಲೆ’ ಅಂದಾಗ ಏನಾಗುತ್ತದೆ ಎಂಬುದರಲ್ಲಿ ವ್ಯತ್ಯಾಸವಿದೆ. ಪೇಪರ್ ಸುರುಳಿ ಬೀಳುತ್ತಿದ್ದುದು ಆ ‘ಒಲ್ಲೆ’ಯ ಮೇಲೆಯೇ. ಈಗ ಅದು ಮುಖ ತಿರುಗಿಸಿದರೆ ಹಿಂದೆ ಸರಿಯಬೇಕಾದವಳು ನಾನು. ಅಧಿಕಾರ ನನ್ನದೇ ಇರಬಹುದು, ಆದರೆ ಅದು ಕಿವಿ ಇರುವ ಅಧಿಕಾರ. ಪ್ರಾಣಿಗಳಿಗೆ ಕ್ರೂರವಾಗಿರುವವನು ಮನುಷ್ಯರ ವಿಷಯದಲ್ಲೂ ಕಠಿಣನಾಗುತ್ತಾನೆ, ಅದಕ್ಕಾಗಿ ಅದು ಕೂಡದು ಎಂದು ಕಾಂಟ್ ವಾದಿಸಿದ್ದ. ಪ್ರಾಣಿಗಳ ಬಗೆಗಿನ ನಮ್ಮ ಕರ್ತವ್ಯ ಅವನ ಪಾಲಿಗೆ ಪರೋಕ್ಷವಾದದ್ದು. ನಾನು ಕೂಡ ಮೊದಲು ಮರುಗಿದ್ದು ಆ ಹುಡುಗನ ಮುಂಗೈಗೆ. ಆದರೆ ಅವನು ಅಂದು ಬಾರದೇ ಇದ್ದಿದ್ದರೂ, ಕೆಂಪಿ ಯಾರನ್ನೂ ಕಚ್ಚದೆ ಮೂಲೆಯಲ್ಲಿ ನಡುಗುತ್ತ ಸುಮ್ಮನೆ ಬಾಳಿದ್ದರೂ, ನಾನು ಮಾಡಿದ್ದು ತಪ್ಪೇ. ಆ ತಪ್ಪು ಕೆಂಪಿಯ ವಿಷಯದಲ್ಲೇ ಆದದ್ದು.

ಏಳು ತಿಂಗಳಾಯಿತು. ನಾನು ಹೆಲ್ಮೆಟ್ ಹಾಕಿಕೊಂಡರೆ ಕೆಂಪಿ ಈಗ ಬಾಲ ಅಲ್ಲಾಡಿಸುತ್ತದೆ. ಅಪರಿಚಿತರೆಂದರೆ ಇನ್ನೂ ಅಷ್ಟಕ್ಕಷ್ಟೆ. ಗೇಟಿಗೆ ಬೋರ್ಡು ಹಾಕಿದ್ದೇವೆ, ಪಾರ್ಸೆಲ್ಲನ್ನು ನಾವೇ ಹೊರಗೆ ಹೋಗಿ ತೆಗೆದುಕೊಳ್ಳುತ್ತೇವೆ. ಕಳೆದ ವಾರ ಮೀಟರ್ ನೋಡಲು ಬಂದವರನ್ನು ಕಂಡು ಅದು ಗುರುಗುಟ್ಟಿತು. ಪೇಪರ್ ಓದುತ್ತಿದ್ದ ಅಪ್ಪ ತಲೆಯೆತ್ತಿದರು. ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಅವರು ಪೇಪರನ್ನು ಮಡಚಿ ಪಕ್ಕಕ್ಕಿಟ್ಟು, ‘ಒಂದ್ನಿಮಿಷ ಅಲ್ಲೇ ಇರಿ ಸ್ವಾಮಿ, ಅದಕ್ಕೆ ಹೆದರಿಕೆಯಾಗ್ತಿದೆ’ ಎಂದರು.