ವೈದ್ಯನ ಸ್ವಾಧ್ಯಾಯ

ಅರಿಯದೆ ಮಾಡಿದ ತಪ್ಪಿಗೆ ಮನುಷ್ಯನು ಹೊಣೆಗಾರನಾಗುವನೇ ಎಂಬ ಪ್ರಶ್ನೆ ಬಹು ಹಳೆಯದು. ನಮ್ಮ ಮನೆಯಲ್ಲಿ ಅದು ಒಮ್ಮೆ ತೀರ ಸಮೀಪಕ್ಕೆ ಬಂದು ನಿಂತಿತು. ಆದಕಾರಣ ವಾಚಕಮಹಾಶಯರ ಮುಂದಿಡುತ್ತೇನೆ.

ನಮ್ಮ ತೀರ್ಥರೂಪರು ಹೊಟ್ಟೆಹುಣ್ಣಿನಿಂದ ಹದಿನೈದು ವರ್ಷ ನರಳಿದರು. ಅವರನ್ನು ನೋಡುತ್ತಿದ್ದ ವೈದ್ಯರು ಸತ್ಪುರುಷರು. ನಡುರಾತ್ರಿ ಕರೆದರೂ ಬರುವವರು, ಬಡವರಿಂದ ಕಾಸು ಮುಟ್ಟದವರು. ಹಾಲು ಕುಡಿಯಿರಿ, ಖಾರ ಬಿಡಿರಿ, ಚಿಂತಿಸಬೇಡಿರಿ ಎಂದು ಹೇಳಿ ಆಮ್ಲಶಮನದ ಔಷಧವನ್ನು ಕೊಡುತ್ತಿದ್ದರು. ನೋವು ಹೋಗುವುದು, ಮರಳಿ ಬರುವುದು. ಕಡೆಗೆ 1999ರಲ್ಲಿ ತುಮಕೂರಿನ ತರುಣ ವೈದ್ಯರೊಬ್ಬರು ಪರೀಕ್ಷಿಸಿ, ಎರಡು ವಾರ ಮಾತ್ರೆ ಕೊಟ್ಟರು. ಹುಣ್ಣು ಮಾಯಿತು, ಮತ್ತೆ ಬರಲಿಲ್ಲ.

ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ರಾಬಿನ್ ವಾರೆನ್, ಬ್ಯಾರಿ ಮಾರ್ಷಲ್ ಎಂಬ ವೈದ್ಯರಿಬ್ಬರು 1982ರಲ್ಲಿ ಜಠರದೊಳಗಿನ ಸೂಕ್ಷ್ಮಜೀವಿಯೊಂದನ್ನು ಬೆಳೆಸಿ ತೋರಿಸಿ, ಹುಣ್ಣಿಗೆ ಅದು ಮೂಲವೆಂದು ವಾದಿಸಿದ್ದರು. ಲೋಕವು ಮೊದಲು ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಆ ಜೀವಿಯನ್ನು ತಾನೇ ಕುಡಿದು ರೋಗ ತಂದುಕೊಂಡನು. 2005ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ದೊರೆಯಿತು.

ಹಾಗಾದರೆ ನಮ್ಮ ಹಳೆಯ ವೈದ್ಯರು ದೋಷಿಗಳೇ? ಯಾರೂ ಅರಿಯದುದನ್ನು ಅರಿಯದಿರುವುದು ದೋಷವಲ್ಲ. ಅರಿಯಲು ಸಾಧ್ಯವಾದುದನ್ನು ಅರಿಯದಿರುವುದು ದೋಷ. ಆದರೆ ಆ ಸಾಧ್ಯತೆಯನ್ನು ಒದಗಿಸತಕ್ಕವರು ಯಾರು? ಹಗಲಿರುಳು ರೋಗಿಗಳ ನಡುವೆ ಇರುವ ಸಣ್ಣ ಊರಿನ ವೈದ್ಯನು ಒಬ್ಬನೇ ಎಷ್ಟು ಗ್ರಂಥಗಳನ್ನು ಓದಿಯಾನು? ಇಲ್ಲಿ ಹೊಣೆಯು ಒಬ್ಬನಿಂದ ಸಂಘಕ್ಕೆ ದಾಟುತ್ತದೆ.

ನಮ್ಮ ಪೂರ್ವಿಕರು ಇದನ್ನು ಬಲ್ಲರು. ತೈತ್ತಿರೀಯದ ಆಚಾರ್ಯನು ವಿದ್ಯೆ ಮುಗಿಸಿ ಹೊರಡುವ ಶಿಷ್ಯನಿಗೆ, ಅಧ್ಯಯನವನ್ನು ಬಿಡಬೇಡವೆಂದೇ ಬುದ್ಧಿ ಹೇಳುತ್ತಾನೆ. ಚರಕಸಂಹಿತೆಯು ಒಂದೇ ವಿದ್ಯೆಯವರು ಕೂಡಿ ನಡೆಸುವ ಸಂಭಾಷೆಯನ್ನು ವೈದ್ಯನ ಜ್ಞಾನವೃದ್ಧಿಗೆ ಸಾಧನವೆನ್ನುತ್ತದೆ. ನಮ್ಮ ದೇಶದಲ್ಲಿ 1938ರಲ್ಲಿ ಶಸ್ತ್ರವೈದ್ಯರೂ 1944ರಲ್ಲಿ ಕಾಯಚಿಕಿತ್ಸಕರೂ ಅಖಿಲ ಭಾರತ ಸಂಘಗಳನ್ನು ಕಟ್ಟಿಕೊಂಡರು. ಇಂಥ ಸಂಘಗಳಲ್ಲಿ ಯಾವ ಹೊಸ ಪಾಠವು ಅವಶ್ಯ, ಅದನ್ನು ಯಾರು ಹೇಳಬೇಕು ಎಂದು ಯೋಚಿಸುವವರ ಹೆಸರನ್ನು ರೋಗಿಯು ಕೇಳಿರುವುದಿಲ್ಲ. ಆದರೂ ಅವರ ಶ್ರಮದ ಫಲ ಅವನಿಗೇ ಸಲ್ಲುತ್ತದೆ.

2002ರ ವೃತ್ತಿನೀತಿಯ ನಿಯಮಗಳ ಪ್ರಕಾರ ವೈದ್ಯನು ಐದು ವರ್ಷಗಳಿಗೆ 30 ಗಂಟೆಯಾದರೂ ಇಂಥ ಶಿಕ್ಷಣವನ್ನು ಪಡೆಯತಕ್ಕದ್ದು. ಒಳ್ಳೆಯದೇ. ಆದರೆ ಹಾಜರಿ ಪುಸ್ತಕವನ್ನು ಮೂವತ್ತು ವರ್ಷ ಬರೆದವನಾಗಿ ಒಂದು ಮಾತು ಹೇಳಬಲ್ಲೆ: ಮಣೆಯ ಮೇಲೆ ಕುಳಿತವರೆಲ್ಲರೂ ಪಾಠ ಕೇಳಿದವರಲ್ಲ. ಔಷಧ ಮಾರುವವನು ಹಾಕಿದ ಊಟದ ಪಂಕ್ತಿಯಲ್ಲಿ ನಡೆದ ಪಾಠವು ಆ ಔಷಧದ ಕಡೆಗೇ ವಾಲುವ ಭಯವೂ ಉಂಟು. ಆದುದರಿಂದಲೇ 2009ರ ತಿದ್ದುಪಡಿಯು ವೈದ್ಯರು ಅಂಥವರಿಂದ ಉಡುಗೊರೆಯನ್ನೂ ಪ್ರಯಾಣದ ವೆಚ್ಚವನ್ನೂ ಪಡೆಯಬಾರದೆಂದು ವಿಧಿಸಿತು. ನಿಯಮವು ಮನುಷ್ಯನನ್ನು ಸಭೆಯವರೆಗೆ ಕರೆತಂದೀತು. ಕಲಿಯುವ ವಿನಯವನ್ನು ಅವನೇ ತರಬೇಕು.

ನಮ್ಮ ಗೂಳೂರಿನ ಮಹಾಗಣಪತಿಯನ್ನು ನೋಡಿರಿ. ಭಾದ್ರಪದದ ಚೌತಿಯಂದು ಕೆರೆಯ ಮಣ್ಣು ತಂದು ಆರಂಭಿಸಿ, ಬಲಿಪಾಡ್ಯಮಿಯಿಂದ ಪೂಜಿಸಿ, ಕಾರ್ತಿಕ ಕಳೆದ ಮೇಲೆ ಅದೇ ಕೆರೆಯಲ್ಲಿ ವಿಸರ್ಜಿಸುತ್ತೇವೆ. ಹೋದ ವರ್ಷದ ಮೂರ್ತಿ ಚೆನ್ನಾಗಿತ್ತೆಂದು ಯಾರೂ ಇಟ್ಟುಕೊಳ್ಳುವುದಿಲ್ಲ. ವಿದ್ಯಾಧಿದೇವತೆಯ ವಿಷಯದಲ್ಲಿ ಕಲಿತ ಈ ಪಾಠವನ್ನು ವಿದ್ಯೆಯ ವಿಷಯದಲ್ಲಿ ಮರೆಯಬಹುದೇ?

ಗುಣವಾದ ಮೇಲೆ ತೀರ್ಥರೂಪರು ನನ್ನನ್ನು ಹಳೆಯ ವೈದ್ಯರ ಬಳಿಗೆ ಕಳುಹಿಸಿದರು. ದೂರುವುದಕ್ಕಲ್ಲ, ತಿಳಿಸುವುದಕ್ಕೆ. ಅವರು ಎಲ್ಲವನ್ನೂ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ನನ್ನ ಕೈಯಲ್ಲಿದ್ದ ಚೀಟಿಯನ್ನು ತೆಗೆದುಕೊಂಡು ಮಾತ್ರೆಗಳ ಹೆಸರನ್ನು ಬರೆದುಕೊಂಡರು. ಮಾರನೆಯ ವಾರವೇ ತುಮಕೂರಿಗೆ ಹೋಗಿ ಆ ತರುಣರನ್ನು ಕಂಡರೆಂದು ಆಮೇಲೆ ತಿಳಿಯಿತು. ಆಗ ಅವರಿಗೆ ಎಪ್ಪತ್ತು ವರ್ಷ. ಅವರಲ್ಲಿ ದೋಷವಿದ್ದರೆ ಅದು ಅಂದೇ ತೀರಿತೆಂದು ನಾನು ನಂಬಿದ್ದೇನೆ.