ಆಟದ ಉದ್ಯೋಗವೂ ಕಾಯಕವಾಗಬಲ್ಲದೆ?

ಕಾಯಕವೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವವು ನೇಗಿಲು, ಮಗ್ಗ, ತಕ್ಕಡಿಗಳು. ಆದರೆ ತಿಕೋಟಾದ ತರುಣನೊಬ್ಬನೂ ಬಬಲೇಶ್ವರದ ಅವನ ಗೆಳೆಯನೂ ಕೂಡಿ, ವಿಜಯಪುರ ನಗರದ ಬಾಡಿಗೆ ಕೋಣೆಯೊಂದರಲ್ಲಿ ಎರಡು ಗಣಕಯಂತ್ರಗಳನ್ನಿಟ್ಟು, ಆನ್‌ಲೈನ್ ಆಟವೊಂದನ್ನು ರಚಿಸಿ ಮಾರತೊಡಗಿದರೆಂದು ಭಾವಿಸೋಣ. ಮನೆಯ ಹಿರಿಯರು ಕೇಳದಿರಲಾರರು: ಜನರನ್ನು ಆಟವಾಡಿಸಿ ಹೊಟ್ಟೆ ಹೊರೆಯುವದು ಕಾಯಕವೆ?

ಶರಣರ ಗೋಷ್ಠಿಯಲ್ಲಿ ಹಗ್ಗ ಹೊಸೆಯುವ ನುಲಿಯ ಚಂದಯ್ಯನಂತೆಯೇ, ವೇಷ ಧರಿಸಿ ಜನರನ್ನು ರಂಜಿಸುವ ಬಹುರೂಪಿ ಚೌಡಯ್ಯನಿಗೂ ಸ್ಥಾನವಿದ್ದಿತು. ಆದುದರಿಂದ ವಿನೋದವೆಂಬ ಕಾರಣಕ್ಕೆ ಕಾಯಕವು ಕೀಳಾಗದು. ಯಂತ್ರವು ಹೊಸದೆಂಬುದೂ ದೋಷವಲ್ಲ. 1925ರಲ್ಲಿ ಡಾ. ಫ. ಗು. ಹಳಕಟ್ಟಿಯವರು ಇದೇ ನಗರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಲು ತಮ್ಮ ಮನೆಯನ್ನೇ ಮಾರಿದರು; ಆ ಅಚ್ಚಿನ ಯಂತ್ರದಿಂದಲೇ ವಚನಗಳು ನಮ್ಮ ಮನೆಮನೆಗೆ ಬಂದವು.

ಹಾಗಾದರೆ ಪರೀಕ್ಷೆಯಾವದು? ಗಳಿಕೆಯು ಯಾರಿಂದ, ಯಾವ ಬಗೆಯಿಂದ ಬರುವದೆಂಬುದೇ ಪರೀಕ್ಷೆ. ಹಣವೊಡ್ಡಿ ಹಣ ಗೆಲ್ಲುವ ಆಟಗಳನ್ನು ಸಂಸತ್ತು 2025ರ ಕಾಯಿದೆಯಿಂದ ನಿಷೇಧಿಸಿತು. ಪಣವಿಲ್ಲದ ವಿನೋದದ ಆಟಕ್ಕೆ ಪ್ರವೇಶಶುಲ್ಕ ಪಡೆಯಲು ಅಡ್ಡಿಯಿಲ್ಲ. ಆದರೆ ಜೂಜಲ್ಲದುದೆಲ್ಲವೂ ಶುದ್ಧವೆಂದು ತಿಳಿಯಲಾಗದು. ಮೊದಲು ಪುಕ್ಕಟೆಯೆಂದು ಕರೆದು, ಆಟವು ರಂಗೇರಿದಾಗ ತಡೆದು, ಮುಂದೆ ಹೋಗಲು ಹಣ ಬೇಡುವ ಆಟಗಳುಂಟು. ಒಳಗೇನಿದೆಯೆಂದು ತೋರದ ಪೆಟ್ಟಿಗೆಯನ್ನು ಬಾಲಕರಿಗೆ ಮಾರುವ ಆಟಗಳೂ ಉಂಟು. ತಿಕೋಟಾ ಸೀಮೆಯ ಒಣದ್ರಾಕ್ಷಿಯನ್ನು ಕೊಳ್ಳುವವನು ಅಂಗೈಯಲ್ಲಿ ಹಿಡಿದು, ಬಣ್ಣ ನೋಡಿ, ರುಚಿ ನೋಡಿ ದರ ಹೇಳುವನು. ಕೊಳ್ಳುವವನ ಕಣ್ಣು ಕಟ್ಟಿ ಮಾರಿದುದು ವ್ಯಾಪಾರವೂ ಅಲ್ಲ, ಕಾಯಕವಂತೂ ಅಲ್ಲ.

ಇಲ್ಲಿ ತರುಣರು ಹೇಳಬಹುದಾದ ಮಾತೊಂದುಂಟು. ಸ್ಟೀಮ್‌ನಂಥ ಮಾರಾಟ ತಾಣವು ಸಾಮಾನ್ಯವಾಗಿ ನೂರಕ್ಕೆ 30ನ್ನು ತಾನಿಟ್ಟುಕೊಳ್ಳುವದು. ಉಳಿದುದರಲ್ಲಿ ತೆರಿಗೆ, ಬಾಡಿಗೆ, ವಿದ್ಯುತ್ತು ಕಳೆದು ಇಬ್ಬರು ಹಂಚಿಕೊಳ್ಳಬೇಕು. “ಪೆಟ್ಟಿಗೆ ಮಾರದಿದ್ದರೆ ಕೋಣೆಗೆ ಬೀಗ ಬೀಳುವದು, ಅನುಕೂಲವಾದ ಮೇಲೆ ನೀತಿಯನ್ನು ನೋಡೋಣ” ಎಂದು. ಈ ಮಾತು ಹುಸಿಯಲ್ಲ. ಆ ಸಂಕಟವನ್ನು ಹಗುರಾಗಿ ಕಾಣಬಾರದು.

ಆದರೆ ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯೋಣ. ಮಾರಯ್ಯನು ಒಂದು ದಿನ ಎಂದಿನದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಆಕೆ ಹೇಳಿದಳು. ಅದು ಸಿರಿವಂತರ ಮನೆಯಲ್ಲ. ಅಂಗಳದಲ್ಲಿ ಬಿದ್ದ ಅಕ್ಕಿಯಿಂದ ಬದುಕುವ ಮನೆ. ಅನುಕೂಲವಾಗಲಿ ಎಂದು ಆಕೆ ಕಾಯಲಿಲ್ಲ. ಮಾರಯ್ಯನಾದರೂ ಸಿಟ್ಟಾಗಲಿಲ್ಲ. ಒಬ್ಬರು ತಂದುದನ್ನು ಮತ್ತೊಬ್ಬರು ತೂಗಿ ನೋಡಿದುದರಿಂದಲೇ ಆ ಮನೆಯ ಕಾಯಕವು ಶುದ್ಧವಾಗಿ ಉಳಿಯಿತು.

ಗೆಳೆಯರಿಬ್ಬರ ಉದ್ಯೋಗದ ಮರ್ಮವೂ ಇದೇ. ಸ್ವತಂತ್ರ ಉದ್ಯೋಗದಲ್ಲಿ ಮೇಲೆ ಧಣಿಯಿಲ್ಲ, ಕೇಳುವವರಿಲ್ಲ, ಗೆಳೆಯನೊಬ್ಬನೇ ಕೇಳಬಲ್ಲವನು. 1932ರ ಪಾಲುದಾರಿಕೆ ಕಾಯಿದೆಯ 9ನೆಯ ಕಲಮು, ಪಾಲುದಾರರು ಪರಸ್ಪರ ನ್ಯಾಯ ನಿಷ್ಠೆಗಳಿಂದ ನಡೆದು ನಿಜವಾದ ಲೆಕ್ಕವನ್ನು ಒಪ್ಪಿಸತಕ್ಕದ್ದೆಂದು ವಿಧಿಸಿದೆ. “ಗೆಳೆಯರಲ್ಲಿ ಲೆಕ್ಕವೇಕೆ?” ಎಂಬ ದಾಕ್ಷಿಣ್ಯವೇ ಎಷ್ಟೋ ಗೆಳೆತನಗಳನ್ನು ಮುರಿದಿದೆ. ಹಣದ ಲೆಕ್ಕದಷ್ಟೇ ಮನಸ್ಸಿನ ಲೆಕ್ಕವೂ ಅವಶ್ಯ: ಇದು ನಮ್ಮ ದುಡಿಮೆಯ ಫಲ, ಇದು ಹುಡುಗನೊಬ್ಬನ ದುರ್ಬಲ ಗಳಿಗೆಯಿಂದ ಕಿತ್ತುಕೊಂಡುದು ಎಂದು ಒಬ್ಬನು ಬೆರಳಿಟ್ಟು ತೋರಿಸಬೇಕು, ಮತ್ತೊಬ್ಬನು ಮುನಿಯದೆ ಕೇಳಬೇಕು. ಇದರಿಂದ ಆದಾಯ ಕುಂದಬಹುದು, ಒಮ್ಮೊಮ್ಮೆ ಅಂಗಡಿಯೇ ಮುಚ್ಚಬಹುದು. ಆದರೆ ಮುಚ್ಚಿದ ಅಂಗಡಿಯನ್ನು ಗೆಳೆಯರಿಬ್ಬರು ಮತ್ತೆ ತೆರೆಯಬಲ್ಲರು. ಕೆಟ್ಟ ಗಳಿಕೆಯನ್ನು ಕಂಡೂ ಸುಮ್ಮನಿದ್ದ ಗೆಳೆತನವು ಹಾಗೆ ಮರಳಿ ಬಾರದು.

ಸದ್ಭಕ್ತರೇ, ಮಕ್ಕಳು ಇಂಥ ಉದ್ಯೋಗಕ್ಕೆ ಕೈ ಹಾಕಿದರೆ ಹಳಿಯಬೇಡಿರಿ. ಎಷ್ಟು ಗಳಿಸಿದಿರಿ ಎಂದು ಕೇಳುವ ಮೊದಲು, ನಿಮ್ಮಿಬ್ಬರಲ್ಲಿ ‘ಬೇಡ’ ಎನ್ನುವವರು ಯಾರು ಎಂದು ಕೇಳಿರಿ. ಆ ಮಾತಿಗೆ ಉತ್ತರವಿರುವಲ್ಲಿ ಆಟವೂ ಕಾಯಕವೇ ಸರಿ.