ಎಷ್ಟು ಮಾಡಿದರೆ ಸಾಕು?

ಅಪೊಸ್ತಲರ ಕೃತ್ಯಗಳು 10ನೇ ಅಧ್ಯಾಯ ತೆಗೆದಿಟ್ಟುಕೊಳ್ಳಿ. ಫೋನಲ್ಲಿ ತೆಗೆದರೂ ಪರವಾಗಿಲ್ಲ, ಡೇಟಾ ಮಾತ್ರ ಆಫ್ ಮಾಡಿ. ಅಲ್ಲಿಗೆ ಆಮೇಲೆ ಬರೋಣ. ಮೊದಲು ಒಬ್ಬ ಮನುಷ್ಯನ ಬಗ್ಗೆ ಹೇಳ್ತೀನಿ.

ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ ಮಾರತಹಳ್ಳಿ ಕಡೆ ಕೆಲಸಕ್ಕೆ ಹೋಗುವವರು ನಿಮ್ಮಲ್ಲಿ ಎಷ್ಟೋ ಜನ ಇದ್ದೀರಿ. ಆ ರಸ್ತೆಯಲ್ಲಿ ಚೆಷೈರ್ ಹೋಮ್ ಅಂತ ಒಂದಿದೆ, ವಿಕಲಚೇತನರ ಮನೆ. ನಾನು ವರ್ಷಗಟ್ಟಲೆ ಆ ಬೋರ್ಡ್ ನೋಡಿಕೊಂಡೇ ಓಡಾಡಿದೆ. ಇಂಗ್ಲೆಂಡಿನ ಯಾವುದೋ ಊರಿನ ಹೆಸರಿರಬೇಕು ಅಂದುಕೊಂಡಿದ್ದೆ. ಅದು ಮನುಷ್ಯನ ಹೆಸರು. ಲಿಯೊನಾರ್ಡ್ ಚೆಷೈರ್.

ಹುಟ್ಟಿದ್ದು 1917ರಲ್ಲಿ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ವಾಯುಪಡೆಯ ಬಾಂಬರ್ ಪೈಲಟ್. ಜರ್ಮನಿಯ ವಿರುದ್ಧ ನೂರು ಸಲ ಹಾರಿದವರು. ಆಗ ಹಾರಿದವರಲ್ಲಿ ಎಷ್ಟು ಜನ ವಾಪಸ್ ಬರ್ತಿರಲಿಲ್ಲ ಅನ್ನೋದನ್ನು ನೆನೆಸಿಕೊಂಡರೆ ಆ ನೂರರ ಅರ್ಥ ಗೊತ್ತಾಗುತ್ತೆ. 1944ರಲ್ಲಿ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. ಅದು ಒಂದು ದಿನದ ಸಾಹಸಕ್ಕಲ್ಲ, ನಾಲ್ಕು ವರ್ಷದ ಧೈರ್ಯಕ್ಕೆ. 1945ರ ಆಗಸ್ಟ್ 9ರಂದು ನಾಗಸಾಕಿಯ ಮೇಲೆ ಅಣುಬಾಂಬ್ ಬಿದ್ದಾಗ, ಬ್ರಿಟನ್ನಿನ ಪರವಾಗಿ ವೀಕ್ಷಕರಾಗಿ ದೂರದ ಇನ್ನೊಂದು ವಿಮಾನದಲ್ಲಿ ಕೂತು ನೋಡಿದರು. ಆಗ ಅವರಿಗೆ 27 ವರ್ಷ. ಆ ವರ್ಷ ಮುಗಿಯುವಷ್ಟರಲ್ಲಿ ಆ ಊರಲ್ಲಿ ಸತ್ತವರು ಸುಮಾರು 70,000 ಅಂತ ಅಂದಾಜು.

27 ಅಂದರೆ ನಿಮ್ಮ ವಯಸ್ಸೇ.

ಯುದ್ಧ ಮುಗೀತು. ಹ್ಯಾಂಪ್‌ಶೈರಿನಲ್ಲಿ ಲೆ ಕೋರ್ಟ್ ಅನ್ನೋ ದೊಡ್ಡ ಹಳೇ ಬಂಗಲೆಯಲ್ಲಿ ಮಾಜಿ ಸೈನಿಕರೆಲ್ಲ ಕೂಡಿ ಬಾಳೋಣ ಅಂತ ಒಂದು ಪ್ರಯತ್ನ ಮಾಡಿದರು. ಅದು ಕೆಟ್ಟುಹೋಯಿತು, ಸಾಲ ಮಾತ್ರ ಉಳಿಯಿತು. 1948ರಲ್ಲಿ ಆಸ್ಪತ್ರೆಯಿಂದ ಒಂದು ಸುದ್ದಿ ಬಂತು: ಆರ್ಥರ್ ಡೈಕ್ಸ್ ಅನ್ನೋ ಪರಿಚಯದವರಿಗೆ ಕ್ಯಾನ್ಸರ್, ಬದುಕೋದಿಲ್ಲ, ಇಟ್ಟುಕೊಳ್ಳೋರು ಯಾರೂ ಇಲ್ಲ. ಚೆಷೈರ್ ಅವರನ್ನು ಮನೆಗೆ ಕರೆತಂದರು. ನರ್ಸ್ ಇಡೋದಕ್ಕೆ ದುಡ್ಡಿಲ್ಲ. ಹಾಸಿಗೆ ಬದಲಾಯಿಸೋದು, ಮೈ ತೊಳೆಯೋದು, ಎಲ್ಲ ತಾವೇ ಮಾಡಿದರು. ಗ್ರೂಪ್ ಕ್ಯಾಪ್ಟನ್ ಆಗಿದ್ದವರು! ಡೈಕ್ಸ್ ಅದೇ ವರ್ಷ ತೀರಿಕೊಂಡರು. ಅಷ್ಟರಲ್ಲಿ ಇನ್ನೊಬ್ಬರು ಬಂದರು, ಮತ್ತೊಬ್ಬರು ಬಂದರು. ಹಾಗೆ ಶುರುವಾದದ್ದು ಹತ್ತಾರು ದೇಶಗಳಿಗೆ ಹಬ್ಬಿತು, 1950ರ ದಶಕದಲ್ಲೇ ಭಾರತಕ್ಕೂ ಬಂತು. ಅದೇ 1948ರ ಕ್ರಿಸ್ಮಸ್ ಹಿಂದಿನ ದಿನ ಅವರು ಕ್ಯಾಥೊಲಿಕ್ ಸಭೆ ಸೇರಿದರು. ನಾವು ಪೆಂಟೆಕೋಸ್ತಿನವರು, ಇರಲಿ, ಇವತ್ತು ಆ ಚರ್ಚೆ ಬೇಡ.

ಈಗ ನೋಡಿ, ಈ ಕಥೆಯನ್ನು ನಾವು ಹೇಗೆ ಹೇಳ್ತೀವಿ? ನಾನೇ ಹೇಳಿದ್ದೀನಿ, ಇದೇ ಸ್ಟೇಜಲ್ಲಿ: ನಾಗಸಾಕಿಯನ್ನು ನೋಡಿ ಮನಸ್ಸು ಮುರಿದು, ಪಶ್ಚಾತ್ತಾಪಪಟ್ಟು, ಅದರ ಪ್ರಾಯಶ್ಚಿತ್ತವಾಗಿ ರೋಗಿಗಳ ಸೇವೆಗೆ ಇಳಿದರು ಅಂತ. ನೀವೆಲ್ಲ ಆಮೆನ್ ಅಂದಿರಿ. ಆಮೇಲೆ ಸರಿಯಾಗಿ ಓದಿದೆ. ಚೆಷೈರ್ ಹಾಗೆ ಹೇಳಲೇ ಇಲ್ಲ. ಆ ಬಾಂಬ್ ಯುದ್ಧವನ್ನು ನಿಲ್ಲಿಸಿ ಇನ್ನೂ ಹೆಚ್ಚಿನ ಜನ ಸಾಯೋದನ್ನು ತಪ್ಪಿಸಿತು ಅನ್ನೋದು ಅವರ ನಿಲುವು. ತಮ್ಮ ಸೇವೆ ಪ್ರಾಯಶ್ಚಿತ್ತ ಅನ್ನೋದನ್ನು ಅವರು ಒಪ್ಪಲಿಲ್ಲ.

ನನಗೆ ಕಸಿವಿಸಿಯಾಯಿತು. ಆ ನಿಲುವು ನನಗೆ ಒಪ್ಪಿಗೆಯಿಲ್ಲ, ಹೇಳಿಬಿಡ್ತೀನಿ. ಆದರೆ ಸತ್ತು ಹೋದವರ ಬಾಯಿಗೆ ನಮ್ಮ ಮಾತು ತುರುಕೋದು ಸುಳ್ಳು ಸಾಕ್ಷಿಯೇ. ಅದಕ್ಕೂ ಹೆಚ್ಚಾಗಿ, ನನಗೆ ಆ ಪ್ರಾಯಶ್ಚಿತ್ತದ ಕಥೆ ಯಾಕೆ ಅಷ್ಟು ಬೇಕಾಗಿತ್ತು?

ಅದು ನನ್ನ ಕಥೆ ಪ್ರಿಯರೇ. ನಮ್ಮ ತಂದೆ ಕೊನೇ ತಿಂಗಳಲ್ಲಿ ಊರಲ್ಲಿ ಮಲಗಿದ್ದಾಗ ನಾನಿಲ್ಲಿ ಕನ್ವೆನ್ಷನ್ ಕೆಲಸದಲ್ಲಿದ್ದೆ. ಅಪ್ಪಾಜಿ ಫೋನ್ ಮಾಡೋರು, ನಾನು ಆಮೇಲೆ ಮಾಡ್ತೀನಿ ಅಂತ ಕಟ್ ಮಾಡ್ತಿದ್ದೆ. ಒಂದು ದಿನ ಮಾಡಿದೆ, ನಮ್ಮ ತಮ್ಮ ಎತ್ತಿದ. ಅಷ್ಟೇ. ಅಲ್ಲಿಂದ ಪ್ರತಿ ಗುರುವಾರ ನಾನು ಸರ್ಕಾರಿ ಆಸ್ಪತ್ರೆಯ ವಾರ್ಡಿಗೆ ಹೋಗ್ತೀನಿ. ಪಾಸ್ಟರ್ ಎಷ್ಟು ಪ್ರೀತಿಯುಳ್ಳವರು ಅಂತ ನೀವು ಹೊಗಳ್ತೀರಿ. ನಾನು ಒಳಗೊಳಗೇ ಲೆಕ್ಕ ಹಾಕ್ತಿದ್ದೆ, ಇನ್ನೆಷ್ಟು ಗುರುವಾರ?

ಒಂದು ಸಲ ಒಬ್ಬ ಅಜ್ಜ, ಕಾಲು ತೆಗೆದಿದ್ದರು, ಕೇಳಿದರು: "ನೀವು ಪ್ರತೀ ವಾರ ಯಾಕಪ್ಪ ಬರ್ತೀರಿ?" ಅಪ್ಪಾಜಿ ವಿಷಯ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ನೀವು ನೋಡೋಕೆ ಬರೋದು ಅವರನ್ನ. ನನ್ನ ಹೆಸರು ಗೊತ್ತಾ ನಿಮಗೆ?" ಅಂದರು. ಗೊತ್ತಿರಲಿಲ್ಲ. ನಾಲ್ಕನೇ ವಾರ ಅದು.

ಸಾಲ ತೀರಿಸೋಕೆ ಸೇವೆಗೆ ಹೋದರೆ ಎದುರಿಗಿರೋರು ನಮಗೆ ಇಎಂಐ ಆಗ್ತಾರೆ. ತಿಂಗಳು ಬಂತು, ಕಟ್ಟಿದೆ, ರಸೀದಿ ಸಿಕ್ತು. ಮತ್ತೆ ಆ ಸಾಲ ಯಾರಿಗೆ ಕೊಡಬೇಕಿತ್ತು? ಅಪ್ಪಾಜಿಗೆ. ಅವರಿಗೆ ಒಂದು ಪೈಸೆಯೂ ಸೇರಲ್ಲ. ಲೆ ಕೋರ್ಟಿನಲ್ಲಿ ಎಷ್ಟು ಹಾಸಿಗೆ ಹಾಕಿದರೂ ನಾಗಸಾಕಿಯ ಒಂದು ಮಗುವಿಗೂ ಅದು ತಲುಪಲ್ಲ. ಅವರ ಪರವಾಗಿ ಕ್ಷಮಿಸೋ ಅಧಿಕಾರ ನಮಗಿಲ್ಲ. ಚೆಷೈರನ್ನು ಹೊಗಳುವಾಗಲೂ ಆ ಊರನ್ನು ಮರೆಯಬಾರದು, ಆ ಊರನ್ನು ನೆನೆಸುವಾಗ ಡೈಕ್ಸನ ಹಾಸಿಗೆಯನ್ನೂ ಮರೆಯಬಾರದು. ಎರಡನ್ನೂ ಒಟ್ಟಿಗೆ ಹಿಡಿಯೋದು ಕಷ್ಟ. ದಾವೀದನ ವಿಷಯದಲ್ಲಿ ನಮ್ಮ ವೇದ ಹಾಗೇ ಹಿಡಿಯುತ್ತೆ. ರಕ್ತ ಸುರಿಸಿದ ಕೈ, ಆಲಯ ಕಟ್ಟೋ ಹಾಗಿಲ್ಲ ಅಂತ ದೇವರು ಹೇಳಿದ್ದು ಪೂರ್ವಕಾಲವೃತ್ತಾಂತದಲ್ಲಿ ಹಾಗೇ ಉಳಿದಿದೆ, ಯಾರೂ ಅಳಿಸಲಿಲ್ಲ. ಅದೇ ಕೈ ದೇವದಾರು, ಕಬ್ಬಿಣ ಕೂಡಿಸಿಟ್ಟದ್ದೂ ಉಳಿದಿದೆ.

ಈಗ 10ನೇ ಅಧ್ಯಾಯ. ಕೊರ್ನೇಲ್ಯ ಯಾರು? ಶತಾಧಿಪತಿ. ಕೈಸರೈಯದಲ್ಲಿ, ಬೇರೆಯವರ ನೆಲದಲ್ಲಿ ನಿಂತ ರೋಮ್ ಸೈನ್ಯದ ಅಧಿಕಾರಿ. ಕೈಯಲ್ಲಿ ಕತ್ತಿ, ಅದೇ ಕೈಯಿಂದ ಬಡವರಿಗೆ ದಾನ. ಅವನ ಪ್ರಾರ್ಥನೆ, ದಾನಗಳು ದೇವರ ಸನ್ನಿಧಿಯಲ್ಲಿ ಜ್ಞಾಪಕಕ್ಕೆ ಬಂದವು ಅಂತ ದೂತನು ಹೇಳ್ತಾನೆ. ಗಮನಿಸಿ, ಜ್ಞಾಪಕಕ್ಕೆ ಬಂದವು, ಲೆಕ್ಕ ಚುಕ್ತಾ ಆಯಿತು ಅನ್ನಲಿಲ್ಲ. ಲೆಕ್ಕ ಮುಗಿದಿದ್ದರೆ ಪೇತ್ರನನ್ನು ಯೊಪ್ಪದಿಂದ ಕರೆಸೋದು ಯಾಕೆ? ಪೇತ್ರ ಇನ್ನೂ ಮಾತಾಡ್ತಿರುವಾಗಲೇ ಪವಿತ್ರಾತ್ಮನು ಆ ಮನೆಯ ಮೇಲೆ ಇಳಿದ. ಸಂಬಳವಾಗಿ ಅಲ್ಲ, ವರವಾಗಿ. ಆ ಮನೆಯಲ್ಲಿ ಎಷ್ಟು ಮಾಡಿದರೆ ಸಾಕು ಅಂತ ಕೇಳೋಕೆ ಯಾರಿಗೂ ಟೈಮೇ ಸಿಗಲಿಲ್ಲ.

ನಾನು ಈಗಲೂ ಗುರುವಾರ ಹೋಗ್ತೀನಿ. ಎಣಿಸೋದು ಪೂರ್ತಿ ನಿಂತಿದೆ ಅಂದರೆ ಸುಳ್ಳಾಗುತ್ತೆ. ಅಪ್ಪಾಜಿ ನಂಬರ್ ಇನ್ನೂ ಡಿಲೀಟ್ ಮಾಡಿಲ್ಲ. ಆದರೆ ಹೆಸರು ಕೇಳ್ತೀನಿ, ಊರು ಕೇಳ್ತೀನಿ, ಕೂತ್ಕೊಳ್ತೀನಿ.

ಚೆಷೈರ್ 1992ರಲ್ಲಿ ತೀರಿಕೊಂಡರು. ಕೊನೆಗೆ ಮೋಟಾರ್ ನ್ಯೂರಾನ್ ಕಾಯಿಲೆ ಬಂದು ಅವರ ಕೈಕಾಲೇ ಅವರ ಮಾತು ಕೇಳದಾಯಿತು. ಬೇರೆಯವರು ಎತ್ತಿ ಕೂರಿಸಬೇಕಿತ್ತು, ಹಿಂದೆ ಅವರು ಡೈಕ್ಸನನ್ನು ಎತ್ತಿದ ಹಾಗೆ.

ಈ ಗುರುವಾರ ಯೂತ್‌ನವರು ಯಾರಾದರೂ ಜೊತೆಗೆ ಬರೋದಾದರೆ ಮೂರು ಗಂಟೆಗೆ ಸಭೆಯ ಗೇಟ್ ಹತ್ತಿರ ಇರಿ. ಬಾಳೆಹಣ್ಣು ತರಬಹುದು. ಫೋಟೋ ಬೇಡ. ಈಗ ಎದ್ದು ನಿಲ್ಲೋಣ, ಪ್ರಾರ್ಥಿಸೋಣ.